ಹಂಗಳದಾಚೆಯ ಮಠದಲ್ಲಿ ಒಂದು ಸೋಮವಾರ

ಚಾಮರಾಜನಗರದಿಂದ ಆ ಸೋಮವಾರ ಹೊರಟವರು ನಾವಿಬ್ಬರೇ: ನಾನು, ನಮ್ಮ ಸೋದರತ್ತೆ ಪುಟ್ಟತಾಯಮ್ಮ. ಹಂಗಳದಾಚೆ ಕಾಡಿನಂಚಿನ ಸಣ್ಣ ಮಠವೊಂದರಲ್ಲಿ ಅತ್ತೆಯ ಅಣ್ಣ, ನಮ್ಮ ದೊಡ್ಡಪ್ಪ, ನಲವತ್ತು ವರ್ಷದಿಂದ ಅಡುಗೆ ಮಾಡಿಕೊಂಡಿದ್ದರು. ಅಜ್ಜಿ ತೀರಿಕೊಂಡಾಗ ಪಕ್ಕದಲ್ಲಿದ್ದವರು ಅವರೊಬ್ಬರೇ. ಅತ್ತೆ ಆಗ ಹಸಿ ಬಾಣಂತಿ. ಸಾವಿನ ಮನೆಗೆ ಕರೆಯಲಿಲ್ಲ, ಸುದ್ದಿಯನ್ನೂ ತಿಂಗಳು ಮುಚ್ಚಿಟ್ಟರು. ಆಮೇಲೆ ಮಠ ಸೇರಿದ ದೊಡ್ಡಪ್ಪ ಊರಿಗೆ ಬರಲೇ ಇಲ್ಲ.

"ಅವ್ವ ಕೊನೆಗೆ ಏನಂದ್ಳು ಅಂತ ಅಣ್ಣನ ಬಾಯಿಂದ ಕೇಳ್ಬೇಕು ಕಣ್ಲಾ. ಫೋನಲ್ಲಿ ಕೇಳೋ ಮಾತಲ್ಲ ಅದು," ಎನ್ನುತ್ತಿದ್ದರು ಅತ್ತೆ. ಶಿವನ ವಾರ, ಒಳ್ಳೆಯದೆಂದು ಸೋಮವಾರವನ್ನು ಆರಿಸಿ ಒಂದು ದಿನದ ರಜೆ ಹಾಕಿದವನು ನಾನೇ.

ಆಧಾರ್ ಕಾರ್ಡನ್ನೂ ಅತ್ತೆಯ ಮುಖವನ್ನೂ ಎರಡೆರಡು ಸಲ ನೋಡಿದ ಕಂಡಕ್ಟರಿಗೆ, "ನಾನೇ ಕಣಪ್ಪಾ, ಆಗ ಹಲ್ಲಿದ್ವು," ಎಂದು ಉಚಿತ ಟಿಕೆಟ್ ಪಡೆದರು. ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು ಹಂಗಳದ ಬಸ್ಸು ಹತ್ತಿದೆವು. ಇಕ್ಕೆಲದಲ್ಲೂ ಚೆಂಡುಹೂವಿನ ಹೊಲ, ಮೋಡದ ಬಿಸಿಲು. ಹಂಗಳದಿಂದ ಆಟೋದಲ್ಲಿ ಆರು ಕಿಲೋಮೀಟರ್, ನೂರೈವತ್ತು ರೂಪಾಯಿ.

ದೊಡ್ಡಪ್ಪ ಮುದ್ದೆ ಕಟ್ಟುತ್ತಿದ್ದರು. ಎದ್ದು ಬಂದು ತಂಗಿಯ ತಲೆ ಸವರಿದರು, ಬಾಯಿ ಮಾತ್ರ ತೆರೆಯಲಿಲ್ಲ.

"ಸೋಮ್ವಾರ ತಾತ ಮಾತಾಡಕಿಲ್ಲ ಕಣವ್ವ. ಯಾರ್ ಬಂದ್ರೂ ಅಷ್ಟೇಯ. ನಾಳೆ ಬೆಳಿಗ್ಗೆಗಂಟ ಮೌನ," ಎಂದ ಮಠದ ದನ ನೋಡಿಕೊಳ್ಳುವ ಸಿದ್ದಣ್ಣ.

ಅತ್ತೆ ಅಣ್ಣನನ್ನು ನೋಡಿ, "ಚಿಕ್ಕಂದ್ರಲ್ಲಿ ಬಾಯ್ಮುಚ್ಚು ಅಂತ ನಂಗೆ ಹೊಡೀತಿದ್ದೆ. ಈಗ ನೀನೇ ಮುಚ್ಕಂಡ್ಯಾ?" ಎಂದರು. ದೊಡ್ಡಪ್ಪನ ಹೊಟ್ಟೆ ಕುಲುಕಿತು, ನಗೆಯ ಸದ್ದು ಬರಲಿಲ್ಲ.

ಊಟವಾದ ಮೇಲೆ ಅತ್ತೆ ಆ ಮಾತು ಕೇಳಿಯೇ ಬಿಟ್ಟರು. ದೊಡ್ಡಪ್ಪನ ಕಣ್ಣು ತುಂಬಿತು. ಬರೆದು ತಿಳಿಸೋಣವೆಂದರೆ ಅಕ್ಷರ ಬಾರದು. ಮೂಲೆಯ ಚಾಪೆ ತೋರಿಸಿ, ಕೈಗಳನ್ನು ಕೆನ್ನೆಗಿಟ್ಟು, ಉಳಿದುಕೊಳ್ಳಿರೆಂದು ಸನ್ನೆ ಮಾಡಿದರು.

"ಒಂದ್ ರಾತ್ರೆ ಇದ್ಬುಡನ ಕಣ್ಲಾ ಮಗ," ಎಂದರು ಅತ್ತೆ.

ನಾಲ್ಕರ ಮೇಲೆ ಅದು ಆನೆ ದಾಟುವ ದಾರಿ, ಆಟೋ ಸಿಗದು. ಮರುದಿನ ನನಗೆ ಆಫೀಸು. "ಮುಂದ್ಲ ಭಾನ್ವಾರ ನಾನೇ ಕರ್ಕಂಬತ್ತೀನಿ. ನಡಿ ಅತ್ತೆ, ಓಗನ," ಎಂದೆ. ಕೇಳಿದ್ದರೆ ರಜೆ ಸಿಗುತ್ತಿತ್ತು. ಕೇಳಲಿಲ್ಲ.

ಭಾನುವಾರ ಯಾರದೋ ಮದುವೆ ಬಂತು, ಆಮೇಲಿನ ಭಾನುವಾರ ಮಳೆ. ಮೂರನೆಯ ವಾರ ದೊಡ್ಡಪ್ಪ ತೀರಿಕೊಂಡರೆಂದು ಸಿದ್ದಣ್ಣನ ಫೋನು ಬಂತು, ಮಣ್ಣಿಗೆ ಹೋದೆವು.

"ನೀವು ಓದ ಮಾರ್ನೆ ದಿನ ತಾತ ಎದ್ದೋರೇ ರಸ್ತೆಗೆ ಬಂದು ಕುಂತ್ಕಂಡ್ರು ಕಣವ್ವ," ಎಂದ ಸಿದ್ದಣ್ಣ. "ತಂಗಿ ತಡೀನಾರ್ಳು, ಇವತ್ತೇ ಬತ್ತಾಳೆ ಅಂತ. ಬಿಸ್ಲೇರೋಗಂಟ ಏಳ್ನಿಲ್ಲ."

"ಅವ್ವ ಏನಂದ್ಳು ಅಂತ ನಿಂಗೇನಾರ ಹೇಳುದ್ನಾ?" ಎಂದು ಅತ್ತೆ ಕೇಳಿದರು.

"ಇಲ್ಲ ಕಣವ್ವ. ನಾನೂ ಕೇಳ್ದೆ. ಅದು ತಂಗಿಗೇ ಹೇಳ್ಬೇಕು ಅಂದ್ರು."

ವಾಪಸು ಬರುವಾಗ ನನ್ನ ಪಕ್ಕ ಜಾಗವಿದ್ದರೂ ಅತ್ತೆ ಬಸ್ಸಿನ ಮುಂದಿನ ಹೆಂಗಸರ ಸೀಟಿಗೆ ಹೋಗಿ ಕೂತರು.