ಹೂಂ ಅನ್ನುವ ಜಾಗ

ನಮ್ಮ ಕನ್ನಡ ಮೇಷ್ಟ್ರ ಬಲಗಿವಿ ಸದಾ ಬೆಳ್ಳಗಿರುತ್ತಿತ್ತು. ಸೀಮೆಸುಣ್ಣ ಹಿಡಿದ ಕೈಯನ್ನೇ ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಂಡು ನಮ್ಮ ಪ್ರಬಂಧಗಳನ್ನು ಕೇಳುತ್ತಿದ್ದರು.

ಆಗ ನಾವು ತಿ. ನರಸೀಪುರದಲ್ಲಿ ಸೆಕೆಂಡ್ ಪಿಯುಸಿ. ಪ್ರಬಂಧ ಬರೆಯುವ ಮೊದಲು ಅದನ್ನು ಪಕ್ಕದವನಿಗೆ ಬಾಯಲ್ಲಿ ಹೇಳಬೇಕು. ಅಜ್ಜಿ ಕತೆಗೆ ಹೂಂಗುಟ್ಟುವ ಹಾಗೆ ಅವನು ಹೂಂಗುಟ್ಟಬೇಕು. ಅರ್ಥವಾಗದಿದ್ದರೆ ಸುಮ್ಮನಾಗಬೇಕು. "ಸುಳ್ಳು ಹೂಂ ಅನ್ನೋನ್ಗೆ ನನ್ ಕ್ಲಾಸಲ್ಲಿ ಜಾಗ ಇಲ್ಲ ಕಣ್ಲಾ," ಎನ್ನುತ್ತಿದ್ದರು ಮೇಷ್ಟ್ರು.

ನಾನು ತಲಕಾಡಿನ ಪ್ರವಾಸ ಹೇಳಿದೆ. ಬುತ್ತಿ ಬಿಚ್ಚಿದೆವು, ಹಾಡು ಹೇಳಿದೆವು, ಮರಳಿನಲ್ಲಿ ಅಂಗಾಲು ಸುಟ್ಟು ಬೊಬ್ಬೆ ಬಂತು. ಅಲ್ಲಿಗೆ ಪಕ್ಕದವನ ಹೂಂ ನಿಂತಿತು.

"ಚಪ್ಲಿ ಎಲ್ಲೋಯ್ತ್ಲಾ?"

"ಬಸ್ಸಲ್ಲೇ ಬುಟ್ಟಿದ್ದೆ."

ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಅವ್ನು ಎಲ್ಲಿ ನಿಂತ್ನೋ ನಿನ್ ಪ್ರಬಂಧ ಅಲ್ಲೇ ಕೆಟ್ಟದೆ. ಮೊದ್ಲು ಚಪ್ಲಿ ಬಸ್ಸಲ್ಲಿ ಬುಡು, ಆಮೇಲೆ ಕಾಲು ಸುಟ್ಕೋ," ಎಂದರು. ಇವತ್ತು ನಾನು ನಾಲ್ಕು ಸಾಲು ನೆಟ್ಟಗೆ ಬರೆಯುತ್ತಿದ್ದರೆ ಅದು ಆ ಚಪ್ಪಲಿಯ ಋಣ.

ಆದರೆ ಏನು ಬಂತು? ಪರೀಕ್ಷೆ ಹತ್ತಿರವಾದಂತೆ ಎಲ್ಲರ ಕೈಗೂ ಗೈಡ್ ಬಂತು. ಅದರ ಪ್ರಬಂಧ ಉರು ಹೊಡೆದವರಿಗೇ ಹೆಚ್ಚು ಮಾರ್ಕ್ಸ್. ಪ್ರಿನ್ಸಿಪಾಲರು ನಮ್ಮೆದುರಿಗೇ, "ಕತೆ ಕೇಳಿದ್ದು ಸಾಕು, ಪೋರ್ಷನ್ ಮುಗಿಸಿ ಮೇಷ್ಟ್ರೇ," ಎಂದುಬಿಟ್ಟರು. ನಿವೃತ್ತಿಯ ತನಕ ಪ್ರತಿ ವರ್ಷವೂ ಇದೇ ಗೋಳು. ಮೇಷ್ಟ್ರು ಸೋತರು ಎಂದೇ ಹೇಳಬೇಕು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ನೋಡಲೆಂದು ನಂಜನಗೂಡಿನ ಮನೆಗೆ ಹೋದೆ. "ಮಾತು ಬತ್ತದೆ ಕಣಪ್ಪ, ಆದ್ರೆ ಎಲ್ಲಾ ಇಂದುಮುಂದು. ನಮ್ಗ್ಯಾರ್ಗೂ ತಿಳಿಯಕಿಲ್ಲ," ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು.

ನನ್ನನ್ನು ಕಂಡದ್ದೇ ಮೇಷ್ಟ್ರು ಶುರು ಮಾಡಿದರು. "ಬಸ್ಸು... ಬಾಗ್ಲು ಕುಡ್ದೆ... ಅವ್ಳು ನಿನ್ನೆ ಬಿಸ್ಲು... ನೀನು ಕೊಡು..." ಅವರಿಗೆ ಸಮಾಧಾನವಾಗಲಿ ಎಂದು ಹೂಂ, ಹೂಂ ಎನ್ನುತ್ತಾ ಹೋದೆ. ಅವರು ನಿಲ್ಲಿಸಿದರು. ಆಡುತ್ತಿದ್ದ ಒಂದು ಕೈಯನ್ನು ಕಿವಿಗೆ ಆನಿಸಿ ನನ್ನನ್ನೇ ನೋಡಿದರು.

"ಸುಳ್ಳು ಹೂಂ ಅನ್ಬ್ಯಾಡ."

ಅವತ್ತು ಅವರ ಬಾಯಿಂದ ನೆಟ್ಟಗೆ ಬಂದ ಮಾತು ಅದೊಂದೇ. ಆಮೇಲೆ ಮತ್ತೆ ಮೊದಲಿಂದ ಹೇಳತೊಡಗಿದರು, ಬೆವರುತ್ತಾ, ಬಹಳ ಹೊತ್ತು. ನಾನು ಬಾಯಿ ಮುಚ್ಚಿಕೊಂಡು ಕಾದೆ. ಹೂಂ ಅನ್ನುವ ಜಾಗ ಒಂದೂ ಸಿಗಲಿಲ್ಲ.

ಅದೇ ತಿಂಗಳು ಹೋಗಿಬಿಟ್ಟರು. ಏನು ಹೇಳಬೇಕೆಂದಿದ್ದರೋ, ನನಗೆ ತಿಳಿಯಲೇ ಇಲ್ಲ.