ಅಕ್ಕನ ಹುಟ್ಟಿದ ತಾರೀಖು

ಡ್ರಿಪ್ ಹಾಕುವ ಮುಂಚೆ ರೋಗಿಗಳನ್ನು ಸಿದ್ಧಪಡಿಸುವುದೇ ಹತ್ತೊಂಬತ್ತು ವರ್ಷಗಳಿಂದ ಆ ನರ್ಸಮ್ಮನ ಕೆಲಸ. ತೂಕ ನೋಡಿ, ನೀರು ಕುಡಿಸಿ, ನರ ಮೇಲೇಳಲೆಂದು ಕೈಗೆ ಬಿಸಿ ಟವೆಲ್ ಸುತ್ತುತ್ತಾಳೆ. ಸೂಜಿ ಹಿಡಿಯುವ ಮುಂಚೆ ಹೆಸರು, ಹುಟ್ಟಿದ ತಾರೀಖನ್ನು ರೋಗಿಯ ಬಾಯಿಂದಲೇ ಕೇಳಿ ಫೈಲಿನೊಂದಿಗೆ ತಾಳೆ ನೋಡಬೇಕು.

ಅಂದು ಕುರ್ಚಿಯಲ್ಲಿ ಕೂತಿದ್ದವಳು ಅವಳ ಸ್ವಂತ ಅಕ್ಕ. ಕೀಲುನೋವಿಗೆ ಮೊದಲ ಡ್ರಿಪ್. ನಿಯಮ ನಿಯಮವೇ ಎಂದು ತಂಗಿ ಕೇಳಿದಳು. ಅಕ್ಕ ಹೇಳಿದ ತಾರೀಖು ಫೈಲಿನಲ್ಲಿದ್ದದ್ದೇ. ಆದರೆ ಅದರ ಪ್ರಕಾರ ಅಕ್ಕ ತನಗಿಂತ ನಾಲ್ಕು ತಿಂಗಳು ಚಿಕ್ಕವಳು!

“ಇದೇನೇ? ಹೀಗಾದ್ರೆ ನಾನೇ ನಿನ್ನ ಅಕ್ಕ ಆಗ್ಬೇಕಲ್ಲ!”

“ಸ್ಕೂಲಿಗೆ ಸೇರಿಸೋವಾಗ ಅಪ್ಪ ಬಾಯಿಗೆ ಬಂದಿದ್ದು ಬರೆಸಿದ್ರಂತೆ.”

“ನಿಂದು ಮಾತ್ರಾನಾ?”

“ಇಬ್ರದ್ದೂ ಅಂತಿದ್ಳು ಅಮ್ಮ.”

ನರ್ಸಮ್ಮ ಸೂಜಿ ಕೈಗೆತ್ತಿಕೊಂಡಳು. ಹಾಗಾದರೆ ಪ್ರತಿವರ್ಷ ತಾನು ಕೇಕ್ ಕತ್ತರಿಸಿದ ದಿನ ಯಾರದ್ದು? ಆ ಯೋಚನೆಯಲ್ಲೇ ಚುಚ್ಚಿದಾಗ ಸೂಜಿ ನರ ತಪ್ಪಿತು.

“ಯಾವತ್ತೋ ಒಂದಿನ ಹುಟ್ಟಿದೀವಿ ಬಿಡೇ. ಈಗ ನೆಟ್ಟಗೆ ಚುಚ್ಚು” ಎಂದು ಅಕ್ಕ ಗದರಿದಳು.

ಎರಡನೆಯ ಸಲ ನರ ಸಿಕ್ಕಿತು, ಹನಿ ಇಳಿಯತೊಡಗಿತು. ಅಕ್ಕ ಕಣ್ಣು ಮುಚ್ಚಿದಳು. ತನಗೆ ಐವತ್ತೋ ಐವತ್ತೆರಡೋ ತಿಳಿಯದ ತಂಗಿ ಹೊದಿಕೆ ಸರಿಪಡಿಸಿ, ಮುಂದಿನ ರೋಗಿಯ ಹುಟ್ಟಿದ ತಾರೀಖು ಕೇಳಲು ಹೊರಟಳು.