ಎಡಕ್ಕೆ ಎಳೆಯುವ ಬೈಕು

ನನ್ನ ಗಂಡ ಟ್ರೆವರ್ ಬ್ಯಾರಕ್ಲಫ್‌ಗೆ ಕುಡಿತವಿಲ್ಲ, ಜೂಜಿಲ್ಲ, ಪರಸ್ತ್ರೀಯರ ಗೊಡವೆಯಂತೂ ಇಲ್ಲವೇ ಇಲ್ಲ. ಇರುವುದು ಒಂದೇ ಚಟ. ವಿಮೆ ಕಂಪನಿಯವರು ಕೈತೊಳೆದುಕೊಂಡ ಬೈಕುಗಳನ್ನು ಹರಾಜಿನಲ್ಲಿ ಹಿಡಿದು ಮನೆಗೆ ತರುವುದು. ಮೂವತ್ತು ವರ್ಷ ನಾನು ಅದನ್ನು ಸಹಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ. ದಿನಾ ಬೈದುಕೊಂಡೇ ಇದ್ದೆ.

ಉತ್ತರ ಇಂಗ್ಲೆಂಡಿನ ನಮ್ಮ ಹ್ಯಾಲಿಫ್ಯಾಕ್ಸಿನ ಬಸ್ ಡಿಪೋದಲ್ಲಿ ಅವನು ಮೆಕ್ಯಾನಿಕ್ ಆಗಿದ್ದ. ಸಂಜೆ ಮನೆಗೆ ಬಂದರೆ ಚಹಾದ ಮಗ್ ಹಿಡಿದು ನೇರ ಹಿತ್ತಲಿನ ಶೆಡ್ಡಿಗೆ. ಅಪಘಾತವಾದ ಬೈಕು ಎಂದರೆ ಸತ್ತ ಬೈಕಲ್ಲ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. ಟ್ಯಾಂಕ್ ನೆಗ್ಗಿ, ದೀಪ ಒಡೆದು, ಪ್ಲಾಸ್ಟಿಕ್ಕು ಚೂರಾದರೆ ಸಾಕು, ಹೊಸ ಭಾಗಗಳ ಖರ್ಚು ಬೈಕಿನ ಬೆಲೆಯನ್ನೇ ಮೀರುತ್ತದೆ. ವಿಮೆಯವರು ಮಾಲೀಕನಿಗೆ ದುಡ್ಡು ಕೊಟ್ಟು ಗಾಡಿಯನ್ನು ಗುಜರಿಗೆ ತಳ್ಳುತ್ತಾರೆ. ಚಾಸಿಗೆ ಪೆಟ್ಟಾಗಿದ್ದರೆ ದಾಖಲೆಯಲ್ಲಿ ‘ಎಸ್’ ಎಂದು ಬರೆಯುತ್ತಾರೆ, ಆಗದಿದ್ದರೆ ‘ಎನ್’. ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಆ ಅಕ್ಷರ ಮಾತ್ರ ಹೋಗುವುದಿಲ್ಲ. ಟ್ರೆವರ್ ಅದನ್ನು ಯಾರಿಗೂ ಮುಚ್ಚಿಟ್ಟವನಲ್ಲ.

ಆದರೂ ಒಂದು ಸಲ ತಪ್ಪು ನಡೆದುಹೋಯಿತು. ನಮ್ಮ ಮದುವೆಯಾದ ಹೊಸತರಲ್ಲಿ ಕೆಲ್ವಿನ್ ಸಟ್‌ಕ್ಲಿಫ್ ಎಂಬ ಹುಡುಗನಿಗೆ ಒಂದು ಬೈಕು ಮಾರಿದ. ಬೀದಿಯ ತುದಿಯ ತನಕ ಓಡಿಸಿ ನೋಡಿದ್ದನೇ ಹೊರತು ಹೆಚ್ಚಿಗೆ ನೋಡಿರಲಿಲ್ಲ. ಆ ಬೈಕು ವೇಗ ಹಿಡಿದರೆ ಪಕ್ಕಕ್ಕೆ ಎಳೆಯುತ್ತಿತ್ತು. ಕೆಲ್ವಿನ್ ಕಲ್ಲುಗೋಡೆಗೆ ಹೋಗಿ ಬಡಿದ, ಒಂದು ಕಾಲು ಗಿಡ್ಡವಾಯಿತು. ಈಗಲೂ ಗುರುವಾರದ ಸಂತೆಯಲ್ಲಿ ಅವನು ಕುಂಟುತ್ತ ಬಂದರೆ ಟ್ರೆವರ್ ತರಕಾರಿ ಚೀಲ ನನ್ನ ಕೈಗೆ ಕೊಟ್ಟು ಆಚೆ ಬೀದಿಗೆ ದಾಟಿಬಿಡುತ್ತಾನೆ. ಪಾಪ, ಕೆಲ್ವಿನ್ನೇ ಕೈ ಎತ್ತಿ ನಮಸ್ಕಾರ ಮಾಡಿದರೂ ಇವನಿಗೆ ಮುಖ ಎತ್ತಲು ಆಗುವುದಿಲ್ಲ.

ಅಂದಿನಿಂದ ಅವನದೊಂದು ವ್ರತ. ಯಾವ ಬೈಕನ್ನೇ ಕೊಡಲಿ, ಮೊದಲು ತಾನು ನೂರು ಮೈಲಿ ಓಡಿಸಬೇಕು. ಊರಾಚೆ ಬೆಟ್ಟದ ಮೇಲೆ, ಕುಡಿಯುವ ನೀರಿನ ಕೆರೆಯ ಪಕ್ಕ, ರಸ್ತೆ ಅರ್ಧ ಮೈಲಿ ಅಂಗೈಯಷ್ಟು ಸಮವಾಗಿ ಸ್ವಲ್ಪವೇ ಇಳಿಯುತ್ತದೆ. ಅಲ್ಲಿ ಎರಡೂ ಕೈ ಬಿಟ್ಟು ಏಳು ಎಣಿಸಬೇಕು. ಬೈಕು ನೆಟ್ಟಗೆ ಹೋದರೆ ಮಾರಾಟ. ಅತ್ತಿತ್ತ ವಾಲಿದರೆ ಮತ್ತೆ ಶೆಡ್ಡಿಗೆ. ಅವನು ಹಾಗೆ ಹೋದ ದಿನ ನಾನು ಅಡುಗೆಮನೆಯ ಕಿಟಕಿ ಬಿಟ್ಟು ಕದಲುವುದಿಲ್ಲ. ‘ಕೈ ಬಿಟ್ಟು ಓಡಿಸೋಕೆ ನೀನೇನು ಸರ್ಕಸ್ಸಿನವನಾ?’ ಎಂದು ಕೇಳಿ ಕೇಳಿ ನನ್ನ ಬಾಯಿ ಸೋತಿದೆ.

ಕಳೆದ ಮಾರ್ಚಿನಲ್ಲಿ ಸಾಯ್ರಾ ಬಂದಳು. ನಮ್ಮ ಬೀದಿಯ ಕೊನೆಯ ಮನೆಯವಳು, ಮಲಗಿದಲ್ಲೇ ಇರುವ ವಯಸ್ಸಾದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ. ಅವಳ ಹಳೆಯ ಸ್ಕೂಟರ್ ಕೈಕೊಟ್ಟಿತ್ತು. ಬೆಟ್ಟದ ಮೇಲಿನ ತೋಟದಮನೆಗಳಿಗೆ ಬಸ್ಸು ಇರುವುದು ದಿನಕ್ಕೆ ಎರಡೇ.

“ಅಂಕಲ್, ಒಂದು ಗಟ್ಟಿ ಗಾಡಿ ಹುಡುಕಿಕೊಡಿ. ನೋಡೋಕೆ ಹೇಗಿದ್ರೂ ಪರವಾಗಿಲ್ಲ, ನನ್ನನ್ನ ಕೆಡವಬಾರದು ಅಷ್ಟೇ” ಎಂದಳು.

ಅವಳು ನಗುತ್ತ ಹೇಳಿದ ಮಾತು. ಟ್ರೆವರ್ ನಗಲಿಲ್ಲ.

ಡಾಂಕಾಸ್ಟರ್ ಹತ್ತಿರದ ಹರಾಜಿನ ಅಂಗಳದಿಂದ ನೀಲಿ ಬಣ್ಣದ ಬೈಕೊಂದನ್ನು ತಂದ. ದಾಖಲೆಯಲ್ಲಿ ‘ಎನ್’, ಅಂದರೆ ಚಾಸಿ ಗಟ್ಟಿ. ಬಲಬದಿ ಉಜ್ಜಿಹೋಗಿತ್ತು, ದೀಪ ಇರಲಿಲ್ಲ, ಹ್ಯಾಂಡಲ್ ಸೊಟ್ಟಗಾಗಿತ್ತು. ನಾಲ್ಕು ವಾರದಲ್ಲಿ ಅದನ್ನು ಮದುವಣಗಿತ್ತಿಯ ಹಾಗೆ ಮಾಡಿ ನಿಲ್ಲಿಸಿದ. ಎರಡು ಚಕ್ರಗಳ ಪಕ್ಕ ದಾರ ಎಳೆದು ಕಟ್ಟಿ, ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ನೋಡಿ ‘ಬಾಣದ ಹಾಗೆ ನೆಟ್ಟಗಿದೆ’ ಎಂದ. ಮರುದಿನ ನೂರು ಮೈಲಿಗೆ ಹೊರಟ.

ಎರಡು ಗಂಟೆಯಲ್ಲಿ ವಾಪಸು ಬಂದ. ಮುಖ ಬಿಳಿಚಿಕೊಂಡಿತ್ತು.

“ಎಡಕ್ಕೆ ಎಳೀತಿದೆ.”

“ಎಷ್ಟು?”

“ಸ್ವಲ್ಪ. ಆದ್ರೆ ಎಳೀತಿದೆ.”

ಬಿಚ್ಚಿದ. ಮುಂದಿನ ಫೋರ್ಕ್ ಬದಲಿಸಿದ. ಮತ್ತೆ ಬೆಟ್ಟ ಹತ್ತಿದ. ಎಡಕ್ಕೇ ಎಳೆಯಿತು. ಬೇರಿಂಗ್ ಬದಲಿಸಿದ, ಎರಡೂ ಟೈರು ಹೊಸದು ಹಾಕಿದ. ಹಿಂದಿನದಕ್ಕಿಂತ ಹೆಚ್ಚು ಎಳೆಯಿತು. ವ್ಯಾನಿನಲ್ಲಿ ಹಾಕಿಕೊಂಡು ರಾಚ್‌ಡೇಲ್‌ಗೆ ಹೋಗಿ, ಚಾಸಿ ಅಳೆಯುವ ಯಂತ್ರ ಇಟ್ಟುಕೊಂಡವನ ಹತ್ತಿರ ತೋರಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಅವನು ಬರೆದೇ ಕೊಟ್ಟ.

“ಯಂತ್ರಕ್ಕೇನು ಗೊತ್ತು? ನನ್ನ ಸೊಂಟಕ್ಕೆ ಗೊತ್ತಾಗುತ್ತೆ” ಎಂದ ಟ್ರೆವರ್. ಇದು ಅವನೊಬ್ಬನ ಹಟವಲ್ಲ, ಈ ಕಸುಬಿನವರೆಲ್ಲ ಹೀಗೆಯೇ. ಅಳತೆಪಟ್ಟಿ ಒಂದು ಹೇಳಿ ಕೂತ ಸೀಟು ಇನ್ನೊಂದು ಹೇಳಿದರೆ ಸೀಟನ್ನೇ ನಂಬುತ್ತಾರೆ.

ಆ ಮೂರು ವಾರ ನಮ್ಮ ಮನೆಯಲ್ಲಿ ನೆಮ್ಮದಿ ಎಂಬುದಿರಲಿಲ್ಲ. ಇಷ್ಟದ ಮಾಂಸದ ಪೈ ಮಾಡಿಟ್ಟರೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ನಿದ್ದೆಯಲ್ಲೂ ನಟ್ಟು ಬೋಲ್ಟು ಎಂದು ಗೊಣಗುತ್ತಿದ್ದ. ಸಾಯ್ರಾ ಎರಡು ದಿನಕ್ಕೊಮ್ಮೆ ಬೇಲಿಯ ಆಚೆಯಿಂದ ಕೇಳುತ್ತಿದ್ದಳು.

“ಆಯ್ತಾ ಅಂಕಲ್?”

“ಇನ್ನೊಂದು ಸ್ವಲ್ಪ ತಾಯಿ.”

“ನಿಮ್ಮ ಸ್ವಲ್ಪ ಮುಗಿಯೋದ್ರೊಳಗೆ ನನಗೇ ಯಾರಾದ್ರೂ ಬಂದು ಗಂಜಿ ಕುಡಿಸ್ಬೇಕಾಗುತ್ತೆ!”

ಅವಳು ಹೋದ ಮೇಲೆ ನಾನು ಹೇಳಿದೆ, “ಗುಜರಿಗೆ ಹಾಕು ಅದನ್ನ. ಬೇರೆ ತಂದ್ರಾಯ್ತು.”

“ಕಾರಣ ಗೊತ್ತಾಗದೆ ಹೇಗೆ ಹಾಕ್ಲಿ? ನನ್ನ ಕಣ್ಣಿಗೆ ಬೀಳದ ತಪ್ಪು ಇದರಲ್ಲಿದ್ರೆ, ಇಷ್ಟು ವರ್ಷ ಕೊಟ್ಟ ಗಾಡಿಗಳಲ್ಲಿ ಇನ್ನೆಷ್ಟು ಬಿಟ್ಟಿದೀನೋ! ಯಾರ್ಯಾರು ಎಲ್ಲೆಲ್ಲಿ ಓಡಿಸ್ತಿದಾರೋ!” ನಾಲ್ಕನೇ ಸಲ ಬಿಚ್ಚಿ ಜೋಡಿಸಿ, ಭಾನುವಾರ ಮತ್ತೆ ಬೆಟ್ಟಕ್ಕೆ ಹೋಗುತ್ತೇನೆ ಎಂದ.

ನನಗೆ ರೇಗಿಹೋಯಿತು. ಭಾನುವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಮೊಳೆಗೆ ತೂಗಿದ್ದ ಕೀಲಿ ತೆಗೆದುಕೊಂಡೆ. ನಾನೂ ಬೈಕಿನವಳೇ. ನಮ್ಮಿಬ್ಬರ ಪರಿಚಯವಾದದ್ದೇ ಸ್ಕಾರ್‌ಬರೋಗೆ ಹೋಗುವ ದಾರಿಯಲ್ಲಿ ನನ್ನ ಗಾಡಿ ಕೆಟ್ಟು ನಿಂತಾಗ. ಹನ್ನೊಂದು ವರ್ಷದ ಹಿಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದ ಮೇಲೆ ಮುಟ್ಟಿರಲಿಲ್ಲ, ಅಷ್ಟೇ. ವಿಮೆಯಲ್ಲಿ ನನ್ನ ಹೆಸರೂ ಇದೆ. ಎಲ್ಲಿದೆ ಈ ಎಳೆತ ನಾನೂ ನೋಡಿಯೇಬಿಡುತ್ತೇನೆ ಎಂದು ಹೊರಟೆ.

ಮೊದಲ ಎರಡು ಮೈಲಿ ಜೀವ ಕೈಯಲ್ಲಿ ಹಿಡಿದಿದ್ದೆ. ಕೆರೆಯ ಪಕ್ಕದ ಇಳಿಜಾರು ಬಂದಾಗ ರಸ್ತೆಯಲ್ಲಿ ಒಂದು ಕುರಿಯೂ ಇರಲಿಲ್ಲ. ಕೈ ಬಿಡಬೇಕು. ಬೆರಳುಗಳು ನನ್ನ ಮಾತು ಕೇಳಲಿಲ್ಲ. ಒಂದು ಸಲ ಹಾಗೆಯೇ ದಾಟಿ ಹೋದೆ, ತಿರುಗಿಸಿ ಮೇಲೆ ಹತ್ತಿ ಮತ್ತೆ ಬಂದೆ. ಎಡಕ್ಕೆ ಕಲ್ಲುಗೋಡೆ. ಕೆಲ್ವಿನ್ನನ ಕಾಲು ಕಣ್ಣ ಮುಂದೆ ಬಂತು. ‘ದೇವರೇ, ನನ್ನನ್ನೂ ಕುಂಟಿ ಮಾಡಬೇಡಪ್ಪ’ ಎಂದುಕೊಂಡು ಎರಡೂ ಕೈ ಎತ್ತಿದೆ.

ಒಂದು. ಎರಡು. ಮೂರು.

ಬೈಕು ನೆಟ್ಟಗೆ ಹೋಯಿತು. ಏಳರ ತನಕ ಎಣಿಸಿದೆ. ಒಂದಿಂಚು ಅತ್ತ ಇಲ್ಲ, ಇತ್ತ ಇಲ್ಲ.

ಖುಷಿಯಲ್ಲಿ ಕೂಗಿಯೇಬಿಟ್ಟೆ. ಮನೆಗೆ ಹೋಗಿ ಅವನ ಮಾನ ಹರಾಜು ಹಾಕಬೇಕು, ‘ತುಕ್ಕು ಹಿಡಿದಿರೋದು ನಿನ್ನ ಸೊಂಟಕ್ಕೆ’ ಎನ್ನಬೇಕು ಎಂದುಕೊಂಡು ಇನ್ನೊಂದು ಸುತ್ತು ಹೊಡೆದೆ. ಮತ್ತೆ ನೆಟ್ಟಗೇ ಹೋಯಿತು. ಆಗ ಇನ್ನೊಂದು ಯೋಚನೆ ಬಂತು. ಬೈಕು ಎಳೆಯುತ್ತಿಲ್ಲ. ಟ್ರೆವರ್ ಸುಳ್ಳು ಹೇಳುವವನೂ ಅಲ್ಲ. ಹಾಗಾದರೆ ಎಡಕ್ಕೆ ವಾಲುತ್ತಿರುವುದು ಯಾವುದು?

ಗೋಡೆಯ ಪಕ್ಕ ಬೈಕು ನಿಲ್ಲಿಸಿಬಿಟ್ಟೆ. ಎಡಗೈಗೆ ಗ್ಲೌಸು ಹಾಕಿಕೊಳ್ಳಲು ಅವನು ತಡಕಾಡುತ್ತಿದ್ದದ್ದು, ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಂಡು ಒಳಬರುತ್ತಿದ್ದದ್ದು ಎಲ್ಲ ಒಂದೊಂದೇ ನೆನಪಾಯಿತು. ‘ಕುಡಿಯದೇ ತೂರಾಡ್ತೀಯಲ್ಲ ಮಾರಾಯ’ ಎಂದು ನಕ್ಕಿದ್ದೆ ನಾನು. ನನ್ನ ನಾಲಗೆಗಿಷ್ಟು ಬೆಂಕಿ ಹಾಕ!

ಹೇಗೆ ಇಳಿದು ಬಂದೆನೋ ಗೊತ್ತಿಲ್ಲ. ಅವನು ಗೇಟಿನ ಹತ್ತಿರ ಒದ್ದೆ ಕೂದಲಲ್ಲೇ ನಿಂತು ಕೂಗಾಡುತ್ತಿದ್ದ.

“ಬುದ್ಧಿ ಇದೆಯಾ ನಿಂಗೆ? ಆ ಗಾಡೀಲಿ ಹೋಗ್ತೀಯಲ್ಲ, ಸತ್ತಿದ್ರೆ?”

“ಟ್ರೆವರ್, ಎರಡೂ ಕೈ ಮುಂದಕ್ಕೆ ಎತ್ತು.”

“ಏನು?”

“ಎತ್ತು ಅಂದ್ರೆ ಎತ್ತು! ಕಣ್ಣು ಮುಚ್ಚಿ ಎತ್ತು.” ಸ್ಟ್ರೋಕ್ ಆಗಿದೆಯಾ ಎಂದು ಪರೀಕ್ಷಿಸುವುದನ್ನು ಟೀವಿಯಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟಿದ್ದರಲ್ಲ, ಹಾಗೆ.

ಗೊಣಗುತ್ತಲೇ ಎತ್ತಿದ. ಬಲಗೈ ಕಂಬದ ಹಾಗೆ ನಿಂತಿತು. ಎಡಗೈ ಮೆಲ್ಲಗೆ, ತುಂಬ ಮೆಲ್ಲಗೆ, ಕೆಳಗೆ ಇಳಿಯತೊಡಗಿತು. ತೊಡೆಯ ತನಕ ಇಳಿಯಿತು.

“ಎತ್ತಿದೀನಲ್ಲ, ಇನ್ನೆಷ್ಟು ಹೊತ್ತು ಹಿಡ್ಕೊಂಡಿರ್ಲಿ?” ಎಂದ, ಕಣ್ಣು ಮುಚ್ಚಿಕೊಂಡೇ.

ನಾನು ಬಾಯಿಗೆ ಕೈ ಅಡ್ಡ ಹಿಡಿದು ಆಂಬುಲೆನ್ಸಿಗೆ ಫೋನು ಮಾಡಿದೆ.

ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದು ನೋಡಿದರು. ಮೆದುಳಿನ ಬಲಭಾಗದಲ್ಲಿ ಸಣ್ಣ ಸಣ್ಣ ಸ್ಟ್ರೋಕ್ ಆಗುತ್ತ ಬಂದಿದೆ, ಕೆಲವು ವಾರಗಳಿಂದ ಇರಬಹುದು, ಇವತ್ತು ಇನ್ನೊಂದಾಗಿದೆ ಎಂದರು. ಎಡಗಡೆಯ ಬಲವೂ ಸ್ಪರ್ಶದ ಅರಿವೂ ಕುಗ್ಗಿದೆ, ದೇಹ ಅತ್ತ ವಾಲುತ್ತದೆ, ಆದರೆ ವಾಲುತ್ತಿರುವುದು ಅವರಿಗೇ ತಿಳಿಯುವುದಿಲ್ಲ. ಇನ್ನು ಬೈಕು ಮುಟ್ಟುವ ಹಾಗಿಲ್ಲ ಎಂದು ಡಾಕ್ಟರಮ್ಮ ಮೆತ್ತಗೆ ಹೇಳಿದಳು. ನಾನು ಟ್ರೆವರ್‌ನ ಮುಖವನ್ನೇ ನೋಡುತ್ತಿದ್ದೆ. ಬೈಕು ಬಿಡು ಎಂದರೆ ಉಸಿರು ಬಿಡು ಎಂದ ಹಾಗೆ ಅವನಿಗೆ.

ಅವನು ದಿಂಬಿಗೆ ತಲೆಯಿಟ್ಟು ದೊಡ್ಡ ಉಸಿರು ಬಿಟ್ಟ. ಮುಖದ ಒಂದು ಬದಿ ನಕ್ಕಿತು.

“ಹಾಗಾದ್ರೆ ಗಾಡಿ ನೆಟ್ಟಗಿದೆ.”

“ಟ್ರೆವರ್!”

“ನೀನು ಕೈ ಬಿಟ್ಟೆಯಾ? ಎರಡೂ?”

“ಎರಡೂ. ಏಳರ ತನಕ ಎಣಿಸಿದೆ.”

“ಅಬ್ಬಾ” ಎಂದ. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

ನನಗೆ ತಡೆಯಲಾಗಲಿಲ್ಲ. “ನಿನ್ನ ತಲೇಲಿ ರಕ್ತ ಹೆಪ್ಪುಗಟ್ಟಿದೆ ಅಂತಿದಾರೆ, ನೀನು ಗಾಡಿ ನೆಟ್ಟಗಿದೆ ಅಂತ ಅಬ್ಬಾ ಅಂತೀಯಲ್ಲ! ಮನುಷ್ಯನಾ ನೀನು?” ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಿದೆ.

“ಬೈಬೇಡ ಹುಡುಗಿ” ಎಂದ. ಅರವತ್ತೆರಡಾದರೂ ನಾನು ಅವನಿಗೆ ಹುಡುಗಿಯೇ. “ಮೂರು ವಾರದಿಂದ ಕಣ್ಣು ಮುಚ್ಚಿದ್ರೆ ಸಾಯ್ರಾ ಗೋಡೆ ಹತ್ರ ಬಿದ್ದಿರ್ತಿದ್ಲು. ತಪ್ಪು ನನ್ನೊಳಗಿದೆ ಅಂದ್ರೆ ಪರವಾಗಿಲ್ಲ, ಇನ್ನೊಬ್ಬರನ್ನ ಕೊಲ್ಲಲ್ಲ ಅದು. ನೂರಕ್ಕೆ ಎಷ್ಟು ಮೈಲಿ ಬಾಕಿ ಇದೆ?”

“ಒಂಬತ್ತು.”

“ನೀನೇ ಮುಗಿಸು. ಆಮೇಲೆ ಅವಳಿಗೆ ಕೀಲಿ ಕೊಡು.”

“ಆಯ್ತು” ಎಂದೆ. ನನ್ನ ಅಳು ಅವನಿಗೆ ಕಾಣದಿರಲೆಂದು ಮುಖ ಆಚೆ ತಿರುಗಿಸಿದೆ.

ಮತ್ತೆ ಅವನತ್ತ ತಿರುಗಿದೆ. ಅವನ ಖುಷಿಯೆಲ್ಲ ಇಳಿದು ಈಗ ಭಯ ಶುರುವಾಗಿತ್ತು, ಕಣ್ಣಲ್ಲಿ ಕಾಣುತ್ತಿತ್ತು.

“ಗ್ಲೆಂಡಾ,” ಎಂದ ಸಣ್ಣ ದನಿಯಲ್ಲಿ, “ನನ್ನ ಕೈ ಸ್ವಲ್ಪ ಹಿಡ್ಕೊಳ್ತೀಯಾ?”

ನಾನು ಅರ್ಧ ಗಂಟೆಯಿಂದ ಅವನ ಎಡಗೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದೆ. ಅದನ್ನು ಮೆಲ್ಲಗೆ ಹೊದಿಕೆಯ ಮೇಲೆ ಇಟ್ಟೆ. ಎದ್ದು, ಮಂಚ ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಅವನ ಬಲಗೈ ಹಿಡಿದುಕೊಂಡೆ.